ಹುರುಳಿ ತಿಂದ ಸೆಂಟರ್ ಫಾರ್ವರ್ಡ್

ಜಾಲಿಹಟ್ಟಿಯ ಪ್ರೌಢಶಾಲೆಯಲ್ಲಿ ಆಟದ ಮೇಷ್ಟ್ರ ಜಾಗ ಖಾಲಿಯಾದಾಗ, ಆ ಕೆಲಸವನ್ನು ಯಾರಿಗೆ ವಹಿಸುವುದೆಂದು ಮುಖ್ಯೋಪಾಧ್ಯಾಯಿನಿ ದಾಕ್ಷಾಯಿಣಿ ಮೇಡಂ ಸಭೆ ಕರೆದರು. ಪ್ರಶ್ನೆ ಬಂದ ತಕ್ಷಣ ಉಳಿದ ಮೇಷ್ಟ್ರುಗಳೆಲ್ಲ ತಲೆ ತಗ್ಗಿಸಿ ತಮ್ಮ ತಮ್ಮ ಚಪ್ಪಲಿ ಪರೀಕ್ಷಿಸತೊಡಗಿದರು. ಸಮಾಜ ವಿಜ್ಞಾನದ ಬೊಮ್ಮಲಿಂಗಪ್ಪನವರು ಮಾತ್ರ ಫ್ಯಾನು ಯಾಕೆ ತಿರುಗುತ್ತಿಲ್ಲವೆಂದು ತಲೆ ಎತ್ತಿ ನೋಡುತ್ತಿದ್ದರು. ತಲೆ ಎತ್ತಿದವನಿಗೇ ಹೊರೆ ಎಂಬುದು ಲೋಕದ ಹಳೆಯ ಪದ್ಧತಿ. ಅಂದೇ ಅವರ ಕೊರಳಿಗೆ ವಿಶಲ್ ಬಿತ್ತು.

ಫುಟ್‌ಬಾಲಿನ ಬಗ್ಗೆ ಅವರಿಗೆ ಗೊತ್ತಿದ್ದದ್ದು ಎರಡೇ ಸಂಗತಿ. ಚೆಂಡು ಗುಂಡಗಿರುತ್ತದೆ, ಅದನ್ನು ಕೈಯಿಂದ ಮುಟ್ಟಬಾರದು. ಗೋಲ್‌ಕೀಪರ್ ಮುಟ್ಟಬಹುದು ಎಂದು ತಿಳಿದ ದಿನ, ಒಬ್ಬನಿಗೆ ಒಂದು ನ್ಯಾಯ ಉಳಿದವರಿಗೆ ಇನ್ನೊಂದು ನ್ಯಾಯ ಸಂವಿಧಾನಕ್ಕೆ ವಿರುದ್ಧವೆಂದು ಅವರು ಹುಡುಗರ ಜೊತೆ ಬಹಳ ಹೊತ್ತು ವಾದಿಸಿದ್ದರು. ಪುಣ್ಯಕ್ಕೆ ಹುಡುಗರು ಜಾಣರು. ಹತ್ತನೇ ಕ್ಲಾಸಿನ ಈರೇಶ್ ಕ್ಯಾಪ್ಟನ್. ಮೊಬೈಲಿನಲ್ಲಿ ಆಟ ನೋಡಿ ನೋಡಿ ಅವನೇ ಉಳಿದವರಿಗೆ ಕಲಿಸುತ್ತಿದ್ದ. ಜಾಲಿ ಮುಳ್ಳು ಆರಿಸಿ ಬಯಲನ್ನು ಮೈದಾನ ಮಾಡಿಕೊಂಡಿದ್ದರು. ನೀಲಗಿರಿ ಮರದ ಗಳ ನೆಟ್ಟು ಗೋಲು ಕಂಬ ಮಾಡಿದ್ದರು. ಮೇಷ್ಟ್ರ ಪಾಲಿನ ಕೆಲಸವೆಂದರೆ ಮೊದಲಿಗೆ ವಿಶಲ್ ಊದುವುದು, ಕೊನೆಗೆ ಇನ್ನೊಮ್ಮೆ ಊದುವುದು. ನಡುವೆ ಅವರು ಬೇವಿನ ಮರದ ಕೆಳಗೆ ಪೇಪರ್ ಓದುತ್ತಿದ್ದರು.

ತಾಲ್ಲೂಕು ಮಟ್ಟದ ಪಂದ್ಯಗಳು ಹತ್ತಿರ ಬಂದಿದ್ದವು. ಮೊಳಕಾಲ್ಮುರು ಬಸ್ ಸ್ಟ್ಯಾಂಡಿನ ಬಳಿ ಮೊಬೈಲ್ ರಿಪೇರಿ ಅಂಗಡಿ ಇಟ್ಟುಕೊಂಡು, ಜೊತೆಗೆ ಜಿಲ್ಲೆಯ ಒಂದು ಪತ್ರಿಕೆಗೆ ಸುದ್ದಿಯನ್ನೂ ಬರೆಯುತ್ತಿದ್ದ ಮುಬಾರಕ್, ಈ ವರ್ಷ ಯಾವ ಹೈಸ್ಕೂಲಿನ ತಂಡ ಹೇಗಿದೆ ಎಂದು ದಿನಕ್ಕೊಂದು ಶಾಲೆಯಂತೆ ಬರೆಯತೊಡಗಿದ್ದ. ಒಂದು ಸಂಜೆ ಜಾಲಿಹಟ್ಟಿಯ ಸರದಿ ಬಂತು.

ಜಾಲಿಹಟ್ಟಿಯಲ್ಲಿ ಫೋನಿಗೆ ಸಿಗ್ನಲ್ ಸರಿಯಾಗಿ ಸಿಗುವ ಜಾಗ ಒಂದೇ. ಊರ ಹೊರಗಿನ ದೊಡ್ಡೀರಪ್ಪನ ಕುರಿರೊಪ್ಪದ ಕಲ್ಲುಗೋಡೆ. ಅದರ ಮೇಲೆ ಹತ್ತಿ, ಬಿ.ಜಿ. ಕೆರೆಯ ಕಡೆಗೆ ಮುಖ ಮಾಡಿ, ಒಂದು ಕೈ ಸೊಂಟದ ಮೇಲಿಟ್ಟರೆ ಮಾತು ಕೇಳಿಸುತ್ತದೆ. ಸೊಂಟದ ಕೈಗೂ ಸಿಗ್ನಲ್ಲಿಗೂ ಏನು ಸಂಬಂಧವೆಂದು ಯಾರೂ ಕಂಡುಹಿಡಿದಿಲ್ಲ, ಆದರೆ ಕೈ ತೆಗೆದು ನೋಡುವ ಧೈರ್ಯವನ್ನೂ ಯಾರೂ ಮಾಡಿಲ್ಲ. ಬೊಮ್ಮಲಿಂಗಪ್ಪ ಆ ಭಂಗಿಯಲ್ಲಿ ನಿಂತಿದ್ದರು.

"ಸಾರ್, ಈ ವರ್ಷ ನಿಮ್ಮ ಟೀಮ್ ಹೆಂಗೈತೆ?" ಎಂದ ಮುಬಾರಕ್.

"ಚೆನ್ನಾಗೈತಪ್ಪ. ಹನ್ನೊಂದು ಜನಾನೂ ಅದಾರೆ."

"ಅದ್ರಾಗೆ ಸ್ಟಾರ್ ಯಾರು? ಒಂದು ಹೆಸರು ಹೇಳ್ರಿ, ದೊಡ್ಡದಾಗಿ ಹಾಕ್ತೀನಿ."

ಈರೇಶನ ಹೆಸರು ಮೇಷ್ಟ್ರ ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಕೆಳಗೆ ದಡ್ ಎಂದು ಸದ್ದಾಗಿ ಗೋಡೆ ನಡುಗಿತು. ದೊಡ್ಡೀರಪ್ಪ ಅದೇ ವಾರ ರಾಯದುರ್ಗದ ಸಂತೆಯಿಂದ ಒಂದು ಟಗರು ತಂದಿದ್ದ. ಕೊಂಬು ಸುರುಳಿ ಸುತ್ತಿದ, ಗುಡಾಣದಂಥ ಟಗರು. ಅದಕ್ಕೆ ಮುತ್ತುರಾಜ ಎಂದು ಹೆಸರಿಟ್ಟು, ಆಂಧ್ರದ್ದಾದ್ದರಿಂದ ಅದರ ಜೊತೆ ತೆಲುಗಿನಲ್ಲೇ ಮಾತಾಡುತ್ತಿದ್ದ. ಗೋಡೆ ಕಂಡರೆ ಗುದ್ದುವುದು ಅದರ ಅಭ್ಯಾಸ.

"ಅಯ್ಯಯ್ಯೋ ಮುತ್ತುರಾಜಾ! ಏನ್ ತಲೆಯೋ ನಿಂದು!" ಎಂದು ಮೇಷ್ಟ್ರು ಕೂಗಿದರು.

"ಮುತ್ತುರಾಜಾ? ತಲೇಲಿ ಹೊಡೀತಾನಾ ಸಾರ್?" ಮುಬಾರಕನ ದನಿಯಲ್ಲಿ ಉತ್ಸಾಹ.

"ಹೊಡೀತಾನಾ ಅಂತ ಕೇಳ್ತೀಯಲ್ಲಪ್ಪ! ಗೋಡೆ ಅಲ್ಲಾಡಿ ಹೋತು!"

ತನಗೇ ಹೇಳಿದರೆಂದುಕೊಂಡ ದೊಡ್ಡೀರಪ್ಪ ಕೆಳಗಿನಿಂದ ಗಟ್ಟಿಯಾಗಿ ಹೇಳಿದ: "ಅವನು ಹಿಂದಕ್ಕೋಗಿ ಓಡಿ ಬಂದಾ ಅಂದ್ರೆ ಮುಂದೆ ಯಾವನೂ ನಿಲ್ಲಲ್ಲ ಸಾ! ಮೂರು ಜನ ಹಿಡಿದ್ರೂ ಎಳ್ಕೊಂಡೋಗ್ತಾನೆ. ದಿನಾ ಹುರುಳಿ ತಿನ್ನಿಸ್ತೀನಿ, ಸುಮ್ನೆ ಅಲ್ಲ!"

"ಅದ್ಯಾರು ಸಾರ್ ಮಾತಾಡಿದ್ದು?"

"ದೊಡ್ಡೀರಪ್ಪ ಅಂತ. ಮುತ್ತುರಾಜನ್ನ ಸಾಕಿದೋನು."

ಮುತ್ತುರಾಜ ಮತ್ತೊಮ್ಮೆ ಗುದ್ದಿತು. ಈ ಸಲ ಗೋಡೆಯ ಕಲ್ಲೊಂದು ಜಾರಿತು, ಕಲ್ಲಿನ ಜೊತೆ ಮೇಷ್ಟ್ರೂ ಜಾರಿದರು, ಫೋನು ಕುರಿಗಳು ನೀರು ಕುಡಿಯುವ ತೊಟ್ಟಿಗೆ ಬಿತ್ತು. ಸಂದರ್ಶನ ಮುಗಿಯಿತು.

ಮರುದಿನ ಪತ್ರಿಕೆಯಲ್ಲಿ ಬಂದದ್ದು ಹೀಗೆ: "ಜಾಲಿಹಟ್ಟಿಗೆ ಮುತ್ತುರಾಜನ ಬಲ, ತಲೆ ಕೊಟ್ಟರೆ ಗೋಡೆಯೇ ಗಡಗಡ! ಸಾಕುತಂದೆ ದೊಡ್ಡೀರಪ್ಪನವರ ಆರೈಕೆಯಲ್ಲಿ ಹುರುಳಿ ತಿಂದು ಬೆಳೆದ ಈ ಸೆಂಟರ್ ಫಾರ್ವರ್ಡ್ ಆಟಗಾರನನ್ನು ಮೂವರು ಸೇರಿ ಹಿಡಿದರೂ ನಿಲ್ಲಿಸಲಾಗದು ಎಂದು ತರಬೇತುದಾರ ಬೊಮ್ಮಲಿಂಗಪ್ಪ ವಿಶ್ವಾಸ ವ್ಯಕ್ತಪಡಿಸಿದ್ದಾರೆ. ಉಳಿದ ಆಟಗಾರರೂ ತಕ್ಕಮಟ್ಟಿಗಿದ್ದಾರೆ."

ಮೇಷ್ಟ್ರು ಓದಿ ಬೆವರಿದರು. ಈಗಲೇ ಹೋಗಿ ತಪ್ಪು ತಿದ್ದಿಸಬೇಕೆಂದು ಎದ್ದರು. ಆದರೆ ಹೆಂಡತಿ ಗೀತಮ್ಮ ಪೇಪರ್ ಕಿತ್ತುಕೊಂಡು, "ರೀ, ತರಬೇತುದಾರ ಅಂತ ಹಾಕೌರೆ!" ಎಂದು ಚಳ್ಳಕೆರೆಯ ತನ್ನ ಅಕ್ಕನಿಗೆ ಸುದ್ದಿ ಮುಟ್ಟಿಸಲು ಆಗಲೇ ಗೋಡೆಯ ಕಡೆ ಹೊರಟಿದ್ದಳು. ಮದುವೆಯಾದ ಮೇಲೆ ಆ ಅಕ್ಕನೆದುರು ಗಂಡನ ಬಗ್ಗೆ ಹೇಳಿಕೊಳ್ಳಲು ಅವಳಿಗೆ ಸಿಕ್ಕ ಮೊದಲ ಸಂಗತಿ ಇದು. ಶಾಲೆಗೆ ಹೋದರೆ ದಾಕ್ಷಾಯಿಣಿ ಮೇಡಂ ಬಾಗಿಲಲ್ಲೇ ನಿಂತಿದ್ದರು.

"ಇಷ್ಟು ದಿನ ಮುಚ್ಚಿಟ್ಟಿದ್ರಲ್ಲ ಮೇಷ್ಟ್ರೇ! ಯಾರು ಈ ಮುತ್ತುರಾಜ್? ಯಾವ ಕ್ಲಾಸು?"

ಬೊಮ್ಮಲಿಂಗಪ್ಪ ನಿಜ ಹೇಳಲೆಂದೇ ಬಾಯಿ ತೆರೆದರು. ಅಷ್ಟರಲ್ಲಿ ಉಳಿದ ಮೇಷ್ಟ್ರುಗಳು ಚಪ್ಪಾಳೆ ತಟ್ಟಿದರು. ಚಪ್ಪಾಳೆ ಕೇಳಿದ ಬಾಯಿ ಬೇರೆಯದನ್ನೇ ಹೇಳಿತು.

"ಅವನು... ಹೊಸಬ ಮೇಡಂ. ಹಗಲೆಲ್ಲ ಗುಡ್ಡದ ಕಡೆ ಇರ್ತಾನೆ."

"ಗುಡ್ಡದ ಮೇಲೆ ಪ್ರ್ಯಾಕ್ಟೀಸಾ! ಅದಕ್ಕೇ ಆ ಶಕ್ತಿ!"

ಇದರಲ್ಲಿ ಒಂದು ಸುಳ್ಳೂ ಇರಲಿಲ್ಲ ಎಂಬುದನ್ನು ಓದುಗರು ಗಮನಿಸಬೇಕು. ಮುಂದಿನ ದಿನಗಳಲ್ಲಿಯೂ ಮೇಷ್ಟ್ರು ಒಂದೇ ಒಂದು ಸುಳ್ಳು ಹೇಳಲಿಲ್ಲ. ಊರು ಕೆಡಲು ಸುಳ್ಳೇ ಬೇಕೆಂದೇನಿಲ್ಲ.

ಹೊತ್ತು ಮುಳುಗುವ ಮುಂಚೆ ಊರಿನವರು ದೊಡ್ಡೀರಪ್ಪನನ್ನು ಟೀ ಅಂಗಡಿಯಲ್ಲಿ ಮುತ್ತಿಕೊಂಡರು. ಮಕ್ಕಳಿಲ್ಲದ ದೊಡ್ಡೀರಪ್ಪ ಒಬ್ಬ ಸಾಕುಮಗನನ್ನು ತಂದಿದ್ದಾನೆಂಬುದೇ ಅವರಿಗೆ ಗೊತ್ತಿರಲಿಲ್ಲ.

"ಎಲ್ಲಿಂದ ತಂದ್ಯಪ್ಪ ಮುತ್ತುರಾಜನ್ನ?" ಎಂದು ಕೇಳಿದಳು ಅಂಗಡಿಯ ಬೋರಕ್ಕ.

ತನ್ನ ಟಗರು ಪೇಪರಿನಲ್ಲಿ ಬಂದದ್ದಕ್ಕೆ ಉಬ್ಬಿಹೋಗಿದ್ದ ದೊಡ್ಡೀರಪ್ಪ, "ರಾಯದುರ್ಗದ ಸಂತೇಲಿ ಸಿಕ್ಕ ಕಣಕ್ಕ" ಎಂದ.

"ಸಂತೇಲಾ! ಅಯ್ಯೋ ಶಿವನೇ, ಹಡೆದೋರು ಸಂತೇಲಿ ಬಿಟ್ಟೋಗಿದ್ರಾ?"

"ಬಿಟ್ಟೋರು ಬಿಟ್ರು, ನನ್ನ ಪುಣ್ಯ. ಬಂಗಾರದಂಥೋನು ಬೋರಕ್ಕ. ನನ್ನ ಬಿಟ್ಟು ಒಂದು ಗಳಿಗೆ ಇರಲ್ಲ. ಮಲಗಿದ್ರೆ ನನ್ನ ಕಂಬಳಿ ಮೇಲೇ ಬಂದು ಮಲಗ್ತಾನೆ."

ಬೋರಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು ಅವನಿಗೆ ಟೀ ಜೊತೆ ಎರಡು ಬನ್ನು ಕೊಟ್ಟಳು. ಒಂದು ಅವನಿಗೆ, ಒಂದು ಮಗುವಿಗೆ. ದೊಡ್ಡೀರಪ್ಪ ಸಂತೋಷದಿಂದ ತೆಗೆದುಕೊಂಡ. ಮುತ್ತುರಾಜನಿಗೆ ಬನ್ನೆಂದರೆ ಪ್ರಾಣ.

ಹುರುಳಿಯ ಕಥೆಯೇ ಬೇರೆ. ಜಾಲಿಹಟ್ಟಿಯ ತಾಯಂದಿರೆಲ್ಲ ತಮ್ಮ ಗಂಡುಮಕ್ಕಳಿಗೆ ಬೆಳಿಗ್ಗೆ ಹುರುಳಿ ಕಟ್ಟು, ಮಧ್ಯಾಹ್ನ ಹುರುಳಿ ಸಾರು, ರಾತ್ರಿ ಹುರುಳಿ ಉಸಲಿ ಬಡಿಸತೊಡಗಿದರು. ಕೊಂಡ್ಲಹಳ್ಳಿಯವರೂ ಶುರುಮಾಡಿದರು. ಚಳ್ಳಕೆರೆ ಸಂತೆಯಲ್ಲಿ ಹುರುಳಿ ಚೀಲಗಳು ಮಧ್ಯಾಹ್ನದೊಳಗೆ ಖಾಲಿಯಾದವಂತೆ. ಎಂಟನೇ ಕ್ಲಾಸಿನಲ್ಲಿ ಪಾಠ ಮಾಡುವಾಗ ಕಿಟಕಿ ತೆರೆದಿಡಬೇಕೆಂದು ದಾಕ್ಷಾಯಿಣಿ ಮೇಡಂ ಆದೇಶ ಹೊರಡಿಸಿದರು. ಕಾರಣ ವಿವರಿಸಲಿಲ್ಲ, ವಿವರಿಸುವ ಅಗತ್ಯವೂ ಇರಲಿಲ್ಲ.

ಇಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಪಂದ್ಯಾವಳಿಗೆ ಮೊದಲು ಒಂದು ಸೌಹಾರ್ದ ಪಂದ್ಯ ಆಡಲು ಚಳ್ಳಕೆರೆಯ ಒಂದು ಹೈಸ್ಕೂಲ್ ತಂಡ ಭಾನುವಾರ ಜಾಲಿಹಟ್ಟಿಗೆ ಬರುವುದೆಂದು ಮೊದಲೇ ಗೊತ್ತಾಗಿತ್ತು. ಹೋದ ವರ್ಷ ಜಿಲ್ಲಾ ಮಟ್ಟಕ್ಕೆ ಹೋದ ತಂಡ ಅದು. ಅದರ ಕೋಚ್ ಬಾಬಾ ಜಾನ್ ಪೇಪರ್ ಓದಿ ನಿದ್ದೆಗೆಟ್ಟು, ಮೇಷ್ಟ್ರಿಗೆ ಫೋನು ಮಾಡಿದರು. ತೊಟ್ಟಿಯಿಂದ ಎತ್ತಿ ಒಣಗಿಸಿದ ಫೋನು ಹಿಡಿದು, ಗೋಡೆಯ ಮೇಲೆ ಸೊಂಟಕ್ಕೆ ಕೈಯಿಟ್ಟು ನಿಂತ ಮೇಷ್ಟ್ರನ್ನು ಕೆಳಗಿನಿಂದ ಮುತ್ತುರಾಜ ದಿಟ್ಟಿಸುತ್ತಿತ್ತು.

"ಬೊಮ್ಮಲಿಂಗಪ್ಪ ಸಾಬ್, ನಿಮ್ಮ ಮುತ್ತುರಾಜ್ ಹೈಟ್ ಎಷ್ಟ್ರೀ?"

ಮೇಷ್ಟ್ರು ಕೆಳಗೆ ನೋಡಿದರು. "ನನ್ನ ಸೊಂಟದಷ್ಟು."

"ಅಷ್ಟೇನಾ? ಮತ್ತೆ ಮೂರು ಜನ ಹಿಡಿದ್ರೂ ನಿಲ್ಲಲ್ಲ ಅಂತೀರಿ?"

"ತೂಕ ಐತೆ ಸಾಬ್ರೆ."

"ಯಾವ ಕಾಲು ಅವಂದು? ಎಡಗಾಲಾ, ಬಲಗಾಲಾ?"

"ನಾಲ್ಕೂ..." ಎಂದ ಮೇಷ್ಟ್ರು ನಾಲಿಗೆ ಕಚ್ಚಿಕೊಂಡು, "ನಾಲ್ಕೂ ದಿಕ್ಕಿಗೆ ಓಡ್ತಾನೆ" ಎಂದರು.

"ಯಾ ಅಲ್ಲಾ!" ಎಂದು ಬಾಬಾ ಜಾನ್ ಫೋನು ಇಟ್ಟರು. ಅವರು ತಮ್ಮ ಮೂವರು ಗಟ್ಟಿ ಆಟಗಾರರನ್ನು ಕರೆದು, ಮುಂದಿನ ಭಾನುವಾರ ನಿಮಗೆ ಚೆಂಡಿನ ಗೊಡವೆ ಬೇಡ, ಮುತ್ತುರಾಜನೊಬ್ಬನನ್ನು ನೋಡಿಕೊಂಡರೆ ಸಾಕು ಎಂದು ತಾಕೀತು ಮಾಡಿದರೆಂದು ಆಮೇಲೆ ತಿಳಿಯಿತು.

ಗೋಡೆಯಿಂದ ಇಳಿದ ಮೇಷ್ಟ್ರ ಎದುರು ಹನ್ನೊಂದು ಹುಡುಗರು ನಿಂತಿದ್ದರು. ಮುಂದೆ ಈರೇಶ್. ಅವನ ಕೈಯಲ್ಲಿ ಆ ಪೇಪರ್.

"ಸಾ, ಮುಳ್ಳು ಆರಿಸಿದ್ದು ನಾವು. ಬಿಸಿಲಾಗೆ ಓಡಿದ್ದು ನಾವು. ಓಬಳೇಶನ ಉಗುರು ಕಿತ್ತೋದ್ರೂ ಆಡಿದ. 'ತಕ್ಕಮಟ್ಟಿಗಿದ್ದಾರೆ' ಅಂತ ಹೇಳೀರಲ್ಲ ಸಾ. ಒಬ್ಬನ ಹೆಸರಾದ್ರೂ ಹೇಳಬಾರದಾಗಿತ್ತಾ? ಯಾರು ಆ ಮುತ್ತುರಾಜ? ಅವನೇ ಆಡ್ಲಿ ಭಾನುವಾರ. ನಾವು ಬರಲ್ಲ."

ಇದು ಮೇಷ್ಟ್ರು ಎಣಿಸಿರದ ಏಟು. ಹುಡುಗರು ಬರದಿದ್ದರೆ ಪಂದ್ಯವಿಲ್ಲ, ಪಂದ್ಯಾವಳಿಯೂ ಇಲ್ಲ. ಅವರು ಈರೇಶನ ತೋಳು ಹಿಡಿದು ರೊಪ್ಪದೊಳಕ್ಕೆ ಕರೆದೊಯ್ದು, ಬೆರಳು ತೋರಿಸಿದರು.

"ಅಗೋ ನೋಡಪ್ಪ. ಅವನೇ ಮುತ್ತುರಾಜ."

ಈರೇಶ್ ಟಗರನ್ನು ನೋಡಿದ. ಮೇಷ್ಟ್ರನ್ನು ನೋಡಿದ. ಪೇಪರ್ ನೋಡಿದ. "ಸೆಂಟರ್ ಫಾರ್ವರ್ಡ್" ಎಂದು ಪಿಸುಗುಟ್ಟಿದ. ಆಮೇಲೆ ಅಲ್ಲಿಯೇ ಕುರಿ ಹಿಕ್ಕೆಯ ಮೇಲೆ ಕುಳಿತು, ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ತನಕ ನಕ್ಕ. ಉಳಿದ ಹತ್ತು ಮಂದಿ ಒಳಗೆ ಇಣುಕಿದರು. ಸ್ವಲ್ಪ ಹೊತ್ತಿಗೆ ರೊಪ್ಪದಲ್ಲಿ ನಗದೆ ಇದ್ದವರು ಇಬ್ಬರೇ, ಮೇಷ್ಟ್ರು ಮತ್ತು ಮುತ್ತುರಾಜ.

"ನಾಳೆ ಪೇಪರ್‌ನೋರಿಗೆ ಹೇಳಿ ಸರಿ ಮಾಡಿಸ್ತೀನಿ ಕಣ್ರೋ" ಎಂದರು ಮೇಷ್ಟ್ರು ದೀನರಾಗಿ.

"ಏಯ್ ಬ್ಯಾಡ ಸಾ!" ಈರೇಶ್ ಎದ್ದು ನಿಂತ. "ಭಾನುವಾರ ಮುಗಿಯೋ ತನಕ ಬಾಯಿ ಬಿಡಬ್ಯಾಡ್ರಿ. ಚಳ್ಳಕೆರೆಯೋರು ಮುತ್ತುರಾಜನ್ನ ಹುಡುಕ್ತಿರ್ಲಿ. ನಾವು ಆಡ್ತೀವಿ."

ಭಾನುವಾರ ಬಂತು. ಆಷಾಢದ ಗಾಳಿ ಬಯಲಿನ ಧೂಳನ್ನೆಲ್ಲ ಎತ್ತಿ ಹಂಚುತ್ತಿತ್ತು. ಆದರೂ ಜನವೋ ಜನ! ಕೊಂಡ್ಲಹಳ್ಳಿಯಿಂದ ಟ್ರ್ಯಾಕ್ಟರುಗಳಲ್ಲಿ ಬಂದರು. ಗೀತಮ್ಮನ ಅಕ್ಕ ಚಳ್ಳಕೆರೆಯಿಂದ ರೇಷ್ಮೆ ಸೀರೆ ಉಟ್ಟು ಬಂದಳು. ಬೋರಕ್ಕ ಟೀ ಅಂಗಡಿಯನ್ನೇ ಬಯಲಿಗೆ ಸಾಗಿಸಿದಳು. ಗ್ರಾಮ ಪಂಚಾಯ್ತಿ ಅಧ್ಯಕ್ಷೆ ಪಾತಮ್ಮ, ಅರ್ಧ ಆಟ ಮುಗಿದಾಗ ಮುತ್ತುರಾಜನಿಗೆ ಹೊದಿಸಲೆಂದು ಜರಿಯಂಚಿನ ಶಾಲು ತಂದು ಶಾಮಿಯಾನದ ಕೆಳಗೆ ಕುಳಿತಳು. ಮುಬಾರಕ್ ಕ್ಯಾಮೆರಾ ತಂದಿದ್ದ.

ಆಟ ಶುರುವಾಯಿತು. ಚಳ್ಳಕೆರೆಯ ಮೂವರು ಗಟ್ಟಿಗರು ಚೆಂಡಿನ ಕಡೆ ನೋಡಲೇ ಇಲ್ಲ. ಗಿಡ್ಡಗಿದ್ದು ತೂಕವಾಗಿರುವವನು ಯಾರೆಂದು ಹುಡುಕುತ್ತಾ, ಕೊನೆಗೆ ಬ್ಯಾಕ್ ಆಡುತ್ತಿದ್ದ ಡೊಳ್ಳು ಹೊಟ್ಟೆಯ ಪಾಲಯ್ಯನನ್ನು ಪತ್ತೆ ಮಾಡಿ ಅವನ ಸುತ್ತ ನಿಂತರು. ಪಾಲಯ್ಯ ಎಡಕ್ಕೆ ಹೋದರೆ ಮೂವರೂ ಎಡಕ್ಕೆ. ಬಲಕ್ಕೆ ಹೋದರೆ ಮೂವರೂ ಬಲಕ್ಕೆ. ಅವನು ಕೂತು ಬೂಟಿನ ದಾರ ಕಟ್ಟಿಕೊಂಡರೆ ಮೂವರೂ ಬಗ್ಗಿ ನೋಡಿದರು. ಇನ್ನೊಂದು ತುದಿಯಲ್ಲಿ ಜಾಗವೆಲ್ಲ ಖಾಲಿ. ಓಬಳೇಶ್ ಬಲಗಡೆಯಿಂದ ಚೆಂಡು ತಂದು ಎಳೆದು ಹೊಡೆದ. ಗೋಲ್!

ಜನ ಎದ್ದು ಕುಣಿದರು. "ಮುತ್ತುರಾಜಾ! ಮುತ್ತುರಾಜಾ!" ಎಂದು ಕೂಗಿದರು. ಓಬಳೇಶ್ ಅತ್ತ ತಿರುಗಿ, "ನಾನು ಓಬಳೇಶ ಕಣ್ರೋ!" ಎಂದ. ಯಾರಿಗೂ ಕೇಳಿಸಲಿಲ್ಲ.

ಅರ್ಧ ಆಟ ಮುಗಿಯಿತು. ಪಾತಮ್ಮ ಮೈಕು ಹಿಡಿದಳು: "ನಮ್ಮೂರ ಹೆಮ್ಮೆ ಮುತ್ತುರಾಜನ್ನ ಅವರ ತಂದೆ ದೊಡ್ಡೀರಪ್ಪ ಕರ್ಕಂಡು ಬರ್ಬೇಕು!"

ಮೇಷ್ಟ್ರು ಕುರ್ಚಿಯಲ್ಲೇ ಕುಗ್ಗಿದರು. ಜನ ದಾರಿ ಬಿಟ್ಟರು. ಆ ದಾರಿಯಲ್ಲಿ ದೊಡ್ಡೀರಪ್ಪ ಬಂದ. ಹೊಸ ಪಂಚೆ, ತಲೆಗೆ ರುಮಾಲು. ಅವನ ಪಕ್ಕದಲ್ಲಿ, ಮೈ ತೊಳೆಸಿಕೊಂಡು, ಕೊಂಬಿಗೆ ಅರಿಶಿನ ಬಳಿಸಿಕೊಂಡು, ಕೊರಳಗಂಟೆ ಅಲ್ಲಾಡಿಸುತ್ತಾ ಮುತ್ತುರಾಜ ಬಂತು.

"ರಾ ನಾಯನಾ, ರಾ" ಎಂದು ದೊಡ್ಡೀರಪ್ಪ ಪ್ರೀತಿಯಿಂದ ಕರೆದ.

ಪಾತಮ್ಮನ ಕೈಯಲ್ಲಿ ಶಾಲು ಗಾಳಿಗೆ ಪಟಪಟ ಅನ್ನುತ್ತಿತ್ತು.

"ಮಗ ಎಲ್ಲಿ?" ಎಂದಳು.

"ಇವನೇ ಅಲ್ವೇನವ್ವ" ಎಂದ ದೊಡ್ಡೀರಪ್ಪ.

ಮೊದಲು ನಕ್ಕವರು ಬಾಬಾ ಜಾನ್. "ಸೊಂಟದಷ್ಟು ಹೈಟು! ನಾಲ್ಕೂ ಕಾಲು! ಬೊಮ್ಮಲಿಂಗಪ್ಪ ಸಾಬ್, ನೀವು ಖರೇನೇ ಹೇಳಿದ್ರಿ, ನಾನೇ ಬೇವಕೂಫ್!" ಎಂದು ತೊಡೆ ತಟ್ಟಿಕೊಂಡರು. ಆದರೆ ಜನ ನಗಲಿಲ್ಲ. ಮೋಸ, ಮೋಸ ಎಂಬ ಗುಸುಗುಸು ಎದ್ದಿತು. ಕೊಂಡ್ಲಹಳ್ಳಿಯ ಟ್ರ್ಯಾಕ್ಟರೊಂದು ಸ್ಟಾರ್ಟ್ ಆಯಿತು. ಗೀತಮ್ಮನ ಅಕ್ಕ ತಂಗಿಯ ಮುಖ ನೋಡಿದಳು. ದಾಕ್ಷಾಯಿಣಿ ಮೇಡಂ ಮೇಷ್ಟ್ರ ಮುಖ ನೋಡಿದರು. ಮೇಷ್ಟ್ರು ಮೈಕಿನ ಬಳಿಗೆ ಹೋಗಿ, "ತಪ್ಪು ನಂದು. ಸಿಗ್ನಲ್ ಸರಿ ಇರ್ಲಿಲ್ಲ. ಸರಿ ಮಾಡಿಸೋ ಹೊತ್ತಿಗೆ ನೀವೆಲ್ಲ ಚಪ್ಪಾಳೆ ಹೊಡೆದ್ರಿ" ಎಂದರು. ಇದಕ್ಕಿಂತ ಚಿಕ್ಕ ಭಾಷಣವನ್ನು ಅವರು ಹಿಂದೆಂದೂ ಮಾಡಿರಲಿಲ್ಲ.

ಆಗ ಜನರ ನಡುವಿನಿಂದ ಈರೇಶನ ಅವ್ವ ದುರುಗಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ ಎದ್ದಳು.

"ಏನ್ರಲೇ, ಎದ್ದು ಹೊಂಟ್ರಿ? ಟಗರು ನೋಡಾಕೆ ಬಂದಿದ್ರಾ? ಆಗ್ಲೇ ಗೋಲು ಹೊಡೆದೋನು ಟಗರಾ? ಅವನು ಗಂಗಮ್ಮನ ಮಗ ಓಬಳೇಶ! ಈ ಹನ್ನೊಂದು ಮಕ್ಕಳು ನಮ್ಮೂರೋವೇ ಅಲ್ವಾ? ಕೂತ್ಕಳ್ರಿ ಸುಮ್ನೆ!"

ದುರುಗಕ್ಕ ಕೂರಿ ಅಂದರೆ ಜಾಲಿಹಟ್ಟಿಯಲ್ಲಿ ಕೂರದವರಿಲ್ಲ. ಟ್ರ್ಯಾಕ್ಟರ್ ಆಫ್ ಆಯಿತು.

ಎರಡನೇ ಅರ್ಧ ನಿಜವಾದ ಯುದ್ಧ. ಬಿಡುಗಡೆಯಾದ ಚಳ್ಳಕೆರೆಯ ಮೂವರು ಗಟ್ಟಿಗರು, ಇಷ್ಟು ಹೊತ್ತು ಪಾಲಯ್ಯನನ್ನು ಕಾದ ಅವಮಾನವನ್ನೆಲ್ಲ ಕಾಲಿಗೆ ತಂದುಕೊಂಡು ನುಗ್ಗಿದರು. ಒಂದು ಗೋಲು. ಮತ್ತೆ ಇನ್ನೊಂದು. ಈಗ ಜಾಲಿಹಟ್ಟಿ ಹಿಂದೆ. ಆದರೆ ಹುಡುಗರು ಬಿಡಲಿಲ್ಲ. ಗೋಲ್‌ಕೀಪರ್ ಆಗಿದ್ದ ತಿಪ್ಪೇಶ್ ಧೂಳಿನಲ್ಲಿ ಉರುಳಿ ಉರುಳಿ ಚೆಂಡು ಹಿಡಿದ. ಜನ ಪಕ್ಕದವರನ್ನು ಕೇಳತೊಡಗಿದರು: "ಅವನ್ಯಾವನು, ಮೊಣಕಾಲು ಕೆತ್ತೋಗಿರೋನು?" "ಮಾರುತಿ ಕಣೋ, ಕೆಳಗಲ ಬೀದಿಯೋನು." "ಆ ಉದ್ದಕಿರೋನು?" "ನಮ್ಮ ನಾಗರಾಜನ ತಮ್ಮ!" ಹೀಗೆ ಹೆಸರುಗಳು ಬಯಲಿನ ಒಂದು ತುದಿಯಿಂದ ಇನ್ನೊಂದು ತುದಿಗೆ ಹರಡಿದವು. ಆಮೇಲೆ ಚೆಂಡು ಯಾರ ಕಾಲಿಗೆ ಸಿಕ್ಕಿದರೂ ಸರಿಯಾಗಿ ಅವನ ಹೆಸರೇ ಕೇಳಿಸಿತು. ಬೊಮ್ಮಲಿಂಗಪ್ಪ ಮೇಷ್ಟ್ರು ಮೊದಲ ಸಲ ಪೇಪರ್ ಮಡಚಿಟ್ಟು, ಗೆರೆಯ ಉದ್ದಕ್ಕೂ ಚೆಂಡಿನ ಜೊತೆ ಓಡುತ್ತಾ, "ಕೈ ಮುಟ್ಟಬ್ಯಾಡ್ರೋ! ಕೈ ಮುಟ್ಟಬ್ಯಾಡ್ರೋ!" ಎಂದು ತಮಗೆ ಗೊತ್ತಿದ್ದ ಒಂದೇ ಸಲಹೆಯನ್ನು ಬಿಡದೆ ಕೊಟ್ಟರು.

ಮುಗಿಯಲು ಇನ್ನೇನು ಉಸಿರಷ್ಟು ಹೊತ್ತು. ಈರೇಶನಿಗೆ ಚೆಂಡು ಸಿಕ್ಕಿತು. ಇಬ್ಬರನ್ನು ದಾಟಿದ. ಎದುರಿಗೆ ಗೋಲ್‌ಕೀಪರ್ ಒಬ್ಬನೇ. ಹೊಡೆದರೆ ಹೆಸರು ಅವನದು. ಅವನು ಹೊಡೆಯಲಿಲ್ಲ. ಪಕ್ಕದಲ್ಲಿ ಏದುಸಿರು ಬಿಡುತ್ತಾ, ಜೀವಮಾನದಲ್ಲೇ ಮೊದಲ ಸಲ ಇಷ್ಟು ಮುಂದೆ ಓಡಿ ಬಂದಿದ್ದ ಡೊಳ್ಳು ಹೊಟ್ಟೆಯ ಪಾಲಯ್ಯನಿಗೆ ಚೆಂಡು ಸರಿಸಿದ. ಅವನನ್ನು ಯಾರೂ ಕಾಯುತ್ತಿರಲಿಲ್ಲ. ಪಾಲಯ್ಯ ಕಣ್ಣು ಮುಚ್ಚಿ ಒದ್ದ.

ಚೆಂಡು ಒಳಗೆ. ಎರಡಕ್ಕೆರಡು. ವಿಶಲ್ ಊದಬೇಕಾದ ಮೇಷ್ಟ್ರು ಊದುವುದನ್ನು ಮರೆತು ಗೀತಮ್ಮನ ಅಕ್ಕನ ಕೈ ಹಿಡಿದು ಕುಣಿಯುತ್ತಿದ್ದರು.

ಗೆದ್ದಿರಲಿಲ್ಲ. ಆದರೂ ಬಯಲು ಗೆದ್ದವರ ಮನೆಯಂತಿತ್ತು. ಬಾಬಾ ಜಾನ್ ಬಂದು ಈರೇಶನ ಬೆನ್ನು ತಟ್ಟಿ, "ತಾಲ್ಲೂಕಿನಾಗೆ ನಿಮ್ಮನ್ನ ಯಾರೂ ಹಿಡಿಯಲ್ಲ ಬೇಟಾ, ಜಿಲ್ಲೆಯಾಗೆ ಸಿಗೋಣ" ಎಂದರು. ಪಾತಮ್ಮ ಕೈಯಲ್ಲಿನ ಶಾಲು ನೋಡಿ ಗೊಂದಲಕ್ಕೆ ಬಿದ್ದಳು. ಶಾಲು ಒಂದು, ಹುಡುಗರು ಹನ್ನೊಂದು.

"ತಂದಿದ್ದು ವಾಪಸ್ ಒಯ್ಯಲ್ಲ. ಸಾಲಾಗಿ ಬರ್ರಿ" ಎಂದಳು.

ಹುಡುಗರು ಸಾಲು ನಿಂತರು. ಪಾತಮ್ಮ ತಿಪ್ಪೇಶನಿಗೆ ಶಾಲು ಹೊದಿಸಿದಳು, ಮುಬಾರಕ್ ಅವನ ಹೆಸರು ಎರಡು ಸಲ ಕೇಳಿ ಬರೆದುಕೊಂಡು ಫೋಟೋ ತೆಗೆದ, ಶಾಲು ಬಿಚ್ಚಿ ಮಾರುತಿಗೆ ಹೊದಿಸಿದಳು, ಮತ್ತೆ ಫೋಟೋ. ಹೀಗೆ ಬೆವರಿನ ಹನ್ನೊಂದು ಹೆಗಲು ಸುತ್ತುವಷ್ಟರಲ್ಲಿ ಶಾಲು ಒದ್ದೆಯಾಗಿ, ಅದರ ಬಣ್ಣ ಪಾಲಯ್ಯನ ಕೊರಳಿಗೆ ಹತ್ತಿತ್ತು. ಕೊನೆಯವನು ಈರೇಶ್. ಫೋಟೋ ಆಯಿತು. ಮುಬಾರಕ್ ಕ್ಯಾಮೆರಾ ಚೀಲಕ್ಕೆ ಹಾಕುತ್ತಿದ್ದ.

"ಏಯ್ ತಮ್ಮಾ, ತಾಳು" ಎಂದಳು ದುರುಗಕ್ಕ, ಅವನ ಹೆಗಲ ಮೇಲಿಂದ ಇಣುಕಿ ನೋಡಿ. "ನನ್ನ ಮಗಂದು ಕಣ್ಣು ಮುಚ್ಚೈತೆ. ಇನ್ನೊಂದು ಸಲ ತೆಗಿ."

"ಹಂಗಾರೆ ನಮ್ಮೋನ್ದೂ ತೆಗೀರಿ, ಅವನು ನಕ್ಕೇ ಇಲ್ಲ" ಎಂದಳು ಓಬಳೇಶನ ಅವ್ವ. "ನಮ್ಮೋನ್ದು ಬಾಯಿ ತೆರೆದೈತೆ" ಎಂದಳು ಇನ್ನೊಬ್ಬಳು.

ಪಾತಮ್ಮ ನಿಟ್ಟುಸಿರು ಬಿಟ್ಟು ಶಾಲು ಕೊಡವಿದಳು. ಹನ್ನೊಂದು ಜನರೂ ಮತ್ತೆ ಸಾಲು ನಿಂತರು. ಚಳ್ಳಕೆರೆಯ ಹುಡುಗರು ಬಸ್ಸಿನ ಕಡೆ ಹೊರಟವರು ಒಮ್ಮೆ ಶಾಲಿನ ಕಡೆ, ಒಮ್ಮೆ ಬಾಬಾ ಜಾನ್ ಕಡೆ ನೋಡಿ, ಮೆಲ್ಲನೆ ಬಂದು ಆ ಸಾಲಿನ ಹಿಂದೆ ನಿಂತುಕೊಂಡರು.